ಬೀದಿಗೆ ಬರುವ ಮುಂಚೆ

"ಅರ್ಜೆಂಟ್ ಅಡಾಪ್ಷನ್. ನಾಲ್ಕು ವರ್ಷದ ಲ್ಯಾಬ್ರಡಾರ್ ನಾಯಿ, ಗಂಡು, ತುಂಬಾ ಫ್ರೆಂಡ್ಲಿ, ಎಲ್ಲ ವ್ಯಾಕ್ಸಿನ್ ಆಗಿದೆ. ಮನೆ ಬದಲಾಯಿಸುತ್ತಿರುವುದರಿಂದ ಒಳ್ಳೆಯವರು ಯಾರಾದರೂ ತೊಗೊಂಡರೆ ಕೊಡುತ್ತೇವೆ."

ಬೆಂಗಳೂರಿನ ಯಾವುದೇ ಪ್ರಾಣಿಪ್ರಿಯರ ಗುಂಪಿಗೆ ಹೋಗಿ ನೋಡಿ, ಇಂಥ ಪೋಸ್ಟು ಕಣ್ಣಿಗೆ ಬೀಳದ ದಿನ ಅಪರೂಪ. ಏಪ್ರಿಲ್-ಮೇ ಬಂತೆಂದರೆ, ಮಕ್ಕಳ ಸ್ಕೂಲು ಬದಲಾಗಿ ಜನ ಮನೆ ಖಾಲಿ ಮಾಡುವ ಹೊತ್ತಿಗೆ, ಸಾಲುಗಟ್ಟಿ ಬರುತ್ತವೆ. ಕೆಳಗಿನ ಕಾಮೆಂಟುಗಳು ಮಾತ್ರ ಬದಲಾಗುವುದಿಲ್ಲ. ನಾಚಿಕೆ ಆಗಲ್ವಾ ನಿಮಗೆ. ನಾಳೆ ಮಕ್ಕಳನ್ನೂ ಹೀಗೇ ಬಿಟ್ಟು ಹೋಗ್ತೀರಾ. ಸಾಕೋ ಯೋಗ್ಯತೆ ಇಲ್ಲದ ಮೇಲೆ ತರಬಾರದಿತ್ತು. ಎರಡು ದಿನ ಉಗಿಸಿಕೊಂಡು ಪೋಸ್ಟ್ ಹಾಕಿದವರು ಅದನ್ನು ಡಿಲೀಟ್ ಮಾಡುತ್ತಾರೆ. ಆ ನಾಯಿ ಏನಾಯಿತು ಅನ್ನುವುದು ಬೈದವರಿಗೂ ಗೊತ್ತಾಗುವುದಿಲ್ಲ, ಲೈಕ್ ಒತ್ತಿದವರಿಗೂ ಗೊತ್ತಾಗುವುದಿಲ್ಲ.

ಅಷ್ಟೂ ಕಾಮೆಂಟುಗಳಲ್ಲಿ ಕಾಣದ ಪ್ರಶ್ನೆ ಒಂದಿದೆ. ಏನು ವ್ಯವಸ್ಥೆ ಆದರೆ ಈ ನಾಯಿಯನ್ನು ನೀವೇ ಇಟ್ಟುಕೊಳ್ಳುತ್ತೀರಿ?

ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಲೋರಿ ವೈಸ್ ಎಂಬಾಕೆ ಇದೇ ಪ್ರಶ್ನೆ ಹಿಡಿದುಕೊಂಡು ಕೆಲಸ ಮಾಡಿದರು. ಅವರ ಡೌನ್‌ಟೌನ್ ಡಾಗ್ ರೆಸ್ಕ್ಯೂ ಸಂಸ್ಥೆ 2013ರಲ್ಲಿ ದಕ್ಷಿಣ ಲಾಸ್ ಏಂಜಲೀಸಿನ ಸರ್ಕಾರಿ ಶೆಲ್ಟರಿನಲ್ಲಿ, ಅಂದರೆ ಪ್ರಾಣಿಗಳ ಆಶ್ರಯತಾಣದಲ್ಲಿ, ಒಬ್ಬರನ್ನು ಕೂರಿಸಿತು. ನಾಯಿಯನ್ನು ಒಪ್ಪಿಸಿ ಹೋಗಲು ಬಂದವರ ಜೊತೆ ಕೂತು ಮಾತಾಡುವುದು ಅವರ ಕೆಲಸ. ಬಡವರೇ ಹೆಚ್ಚಿರುವ ಏರಿಯಾ ಅದು. ಬಂದವರಲ್ಲಿ ಬಹಳ ಜನಕ್ಕೆ ನಾಯಿ ಬೇಡವಾಗಿರಲಿಲ್ಲ. ಆಪರೇಷನ್ನಿಗೆ ದುಡ್ಡಿರಲಿಲ್ಲ, ಲೈಸೆನ್ಸ್ ಮಾಡಿಸಿರಲಿಲ್ಲ, ಮನೆ ಮಾಲೀಕ ಗಡುವು ಕೊಟ್ಟಿದ್ದ, ಕಾಂಪೌಂಡ್ ಮುರಿದು ನಾಯಿ ಹೊರಗೆ ಓಡುತ್ತಿತ್ತು. ಅದಷ್ಟನ್ನು ಸರಿ ಮಾಡಿಕೊಟ್ಟರೆ ಜನ ನಾಯಿಯನ್ನು ಕರಕೊಂಡು ಮನೆಗೆ ವಾಪಸ್ ಹೋಗುತ್ತಿದ್ದರು. ಈ ಬಗೆಯ ಕೆಲಸ ಆಮೇಲೆ ಅಲ್ಲಿನ ಬೇರೆ ಊರುಗಳಿಗೂ ಹಬ್ಬಿತು.

ನಾನು ಹೇಳಬೇಕೆಂದಿರುವುದು ಇಷ್ಟೇ. ರೆಸ್ಕ್ಯೂ, ಶೆಲ್ಟರ್, ಅಡಾಪ್ಷನ್ ಕ್ಯಾಂಪುಗಳಿಗೆ ನಾವು ಕೊಡುವ ಹಣ, ಸಮಯ, ಮೆಚ್ಚುಗೆಯಲ್ಲಿ ಒಂದು ಪಾಲು ಅದಕ್ಕಿಂತ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು. ನಾಯಿ ಇನ್ನೂ ತನ್ನ ಮನೆಯಲ್ಲೇ ಇರುವಾಗ, ಆ ಮನೆಯವರು ಕೈಚೆಲ್ಲುವ ಮೊದಲು ಅವರ ಬಾಗಿಲಿಗೆ ಹೋಗಬೇಕು.

ನಮ್ಮ ಏರಿಯಾದಲ್ಲಿ ನಾವು ಕೆಲವರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಹೆಸರಿಲ್ಲ, ರಿಜಿಸ್ಟ್ರೇಷನ್ ಇಲ್ಲ. ಒಬ್ಬರ ಹತ್ತಿರ ಕಾರಿದೆ, ಇಬ್ಬರ ಮನೆಯಲ್ಲಿ ನಾಯಿ ಇಟ್ಟುಕೊಳ್ಳುವಷ್ಟು ಜಾಗ ಇದೆ, ಒಬ್ಬ ಪಶುವೈದ್ಯರು ಫೋನಿನಲ್ಲಿ ಸಿಗುತ್ತಾರೆ. ಇಷ್ಟರಲ್ಲೇ ಏನೇನು ಸಾಧ್ಯ ಅನ್ನುವುದನ್ನು ಕಣ್ಣಾರೆ ನೋಡಿದ್ದರಿಂದ ಬರೆಯುತ್ತಿದ್ದೇನೆ.

ಮಾಗಡಿ ರೋಡ್ ಕಡೆ ಬ್ಲೌಸ್ ಹೊಲಿಯುವ ಒಬ್ಬ ಹೆಣ್ಣುಮಗಳು ತಮ್ಮ ನಾಯಿಯನ್ನು ಯಾವುದಾದರೂ ಶೆಲ್ಟರಿನ ಗೇಟಿನ ಹತ್ತಿರ ಕಟ್ಟಿ ಬರುವ ಯೋಚನೆಯಲ್ಲಿದ್ದರು. ನಾಯಿ ಊಟ ಬಿಟ್ಟಿತ್ತು, ಮೂಲೆ ಹಿಡಿದಿತ್ತು. "ಅಲ್ಲಿ ಡಾಕ್ಟ್ರು ಇರ್ತಾರಲ್ಲ, ಬದುಕಿಕೊಳ್ಳುತ್ತೆ" ಅಂದರು. ಹೋಗಿ ನೋಡಿದರೆ ಕಾಲ್ಬೆರಳ ಸಂದಿಯಲ್ಲಿ, ಕಿವಿಯೊಳಗೆ ರಕ್ತ ಹೀರುವ ಉಣ್ಣೆ ಹುಳಗಳು ತುಂಬಿಕೊಂಡಿದ್ದವು. ತುಟಿ ಎತ್ತಿದರೆ ಒಸಡು ಬಿಳಿಚಿಕೊಂಡಿತ್ತು. ನಮ್ಮೂರಲ್ಲಿ ನಾಯಿ ಸಾಕಿದವರಿಗೆಲ್ಲ ಗೊತ್ತಿರುವ, ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು. ಡಾಕ್ಟರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟರು, 28 ದಿನ ಬಿಡದೆ ಕೊಡಬೇಕು ಅಂದರು. ಪರೀಕ್ಷೆ, ಮಾತ್ರೆ, ಉಣ್ಣೆಯ ಔಷಧಿ ಎಲ್ಲ ಸೇರಿ ನಾವು ನಾಲ್ಕು ಜನ ಒಂದು ಸಂಜೆ ಹೋಟೆಲಿನಲ್ಲಿ ಊಟ ಮಾಡುವಷ್ಟು ಖರ್ಚು. ಇದೇ ಕಾಯಿಲೆಯನ್ನು ಹಾಗೇ ಬಿಟ್ಟಿದ್ದರೆ ಮೂಗಿನಲ್ಲಿ ರಕ್ತ, ರಕ್ತ ಕೊಡಲು ಬೇರೆ ನಾಯಿಗಾಗಿ ಹುಡುಕಾಟ, ಕೊನೆಗೆ ಉಳಿಯುವ ಭರವಸೆಯೂ ಇಲ್ಲ. ಶೆಲ್ಟರಿನ ಗೇಟಿಗೆ ಕಟ್ಟಿದ್ದರೆ ಆ ಖರ್ಚು, ಆ ಓಡಾಟ ಅಷ್ಟೂ ಅಲ್ಲಿಯವರ ತಲೆಗೆ ಬರುತ್ತಿತ್ತು.

ಆಕೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಪ್ರೈವೇಟ್ ಕ್ಲಿನಿಕ್ಕಿಗಿಂತ ಕಡಿಮೆಯಲ್ಲಿ ಚಿಕಿತ್ಸೆ ಸಿಗುತ್ತದೆ ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೂ ಮೈಮೇಲೆ ಉಣ್ಣೆ ಹರಿದಾಡುವ ನಾಯಿಯನ್ನು ಹತ್ತಿಸಿಕೊಳ್ಳಲು ಆಟೋದವರು ಸುಲಭಕ್ಕೆ ಒಪ್ಪುವುದಿಲ್ಲ. ಇಂಥ ಕಡೆ ದುಡ್ಡಿಗಿಂತ ಒಂದು ಕಾರು, ಅದರ ಹಿಂದಿನ ಸೀಟಿಗೆ ಒಂದು ಹಳೇ ಬೆಡ್‌ಶೀಟು ದೊಡ್ಡದು. ಇನ್ನೊಂದು ವಿಷಯ. ಆಕೆ ತಮ್ಮ ನಾಯಿಗೆ ಹಾಕುತ್ತಿದ್ದುದು ರಾಗಿ ಮುದ್ದೆ, ಮೊಟ್ಟೆ, ಚಿಕನ್ ಅಂಗಡಿಯಿಂದ ತಂದ ಕತ್ತು-ಲಿವರ್ ಬೇಯಿಸಿದ ಅನ್ನ. ಅದನ್ನು ಹೇಳಲೂ ಸಂಕೋಚ, ಯಾರೋ ಪ್ಯಾಕೆಟ್ ಫುಡ್ ಹಾಕದಿದ್ದರೆ ನಾಯಿ ಸಾಕಬೇಡಿ ಅಂದಿದ್ದರಂತೆ. ದಯವಿಟ್ಟು ಹೀಗೆ ಹೇಳುವುದನ್ನು ನಿಲ್ಲಿಸಿ. ನಮ್ಮ ಊರುಗಳಲ್ಲಿ ತಲೆತಲಾಂತರದಿಂದ ನಾಯಿಗಳು ಮನೆಯೂಟ ತಿಂದೇ ಬಾಳಿವೆ.

ಇನ್ನು ಒಬ್ಬ ರಿಟೈರ್ಡ್ ಕಂಡಕ್ಟರ್ ವಿಷಯ. ಒಬ್ಬರೇ ಇರುತ್ತಾರೆ, ಹೆಂಡತಿ ತೀರಿಕೊಂಡಿದ್ದಾರೆ, ಮಗ ಬೇರೆ ರಾಜ್ಯದಲ್ಲಿ. ಹರ್ನಿಯಾ ಆಪರೇಷನ್ ಮಾಡಿಸಿಕೊಳ್ಳಿ ಅಂತ ಡಾಕ್ಟರು ಹೇಳಿ ಎಷ್ಟೋ ಕಾಲವಾಗಿತ್ತು. ನಾಯಿಯನ್ನು ಎಲ್ಲಿ ಬಿಡುವುದು ಅಂತ ಮುಂದೂಡುತ್ತಲೇ ಇದ್ದರು. ದುಡ್ಡು ತೊಗೊಂಡು ನಾಯಿ ನೋಡಿಕೊಳ್ಳುವ ಬೋರ್ಡಿಂಗಿಗೆ ದಿನಕ್ಕೆ ಇಷ್ಟು ಅಂತ ಕೇಳಿ ಪೆನ್ಷನ್ ಲೆಕ್ಕ ಹಾಕಿ ಸುಮ್ಮನಾಗಿದ್ದರು. ಕೊನೆಗೆ ನೋವು ತಡೆಯಲಾಗದೆ "ಯಾರಾದರೂ ನಾಯಿ ತೊಗೊಳ್ತಾರಾ ನೋಡಿ" ಅಂತ ಪಕ್ಕದ ಮನೆಯ ಹುಡುಗನ ಹತ್ತಿರ ಮೆಸೇಜ್ ಹಾಕಿಸಿದರು. ಅವರಿಗೆ ಬೇಕಾಗಿದ್ದದ್ದು ನಾಯಿಗೆ ಕೆಲವು ದಿನ ಇರಲು ಒಂದು ಜಾಗ, ಆಮೇಲೆ ಅವರು ಬಗ್ಗಿ ಎದ್ದು ಮಾಡುವಂತಾಗುವ ತನಕ ಬೆಳಿಗ್ಗೆ-ಸಂಜೆ ವಾಕಿಂಗ್ ಕರಕೊಂಡು ಹೋಗುವ ಒಂದು ಕೈ. ಅಷ್ಟಕ್ಕೆ ಒಂಬತ್ತು ವರ್ಷ ಸಾಕಿದ ನಾಯಿಯನ್ನು ಪೂರ್ತಿ ಬಿಟ್ಟುಕೊಡಲು ಹೊರಟಿದ್ದರು.

ನಾಯಿಯನ್ನು ಕರೆತರಲು ಹೋದಾಗ ಹಳೇ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ದುಂಡಗಿನ ಅಕ್ಷರದಲ್ಲಿ ಬರೆದು ಇಟ್ಟಿದ್ದರು. ಬೆಳಿಗ್ಗೆ ಆರೂವರೆಗೆ ಹೊರಗೆ. ಹಾಲಿಗೆ ಸಕ್ಕರೆ ಬೇಡ. ಎಡಗಿವಿ ಮುಟ್ಟಿದರೆ ಗುರ್ ಅನ್ನುತ್ತಾನೆ, ಕಚ್ಚುವುದಿಲ್ಲ. ಪಟಾಕಿ ಸದ್ದಾದರೆ ಮಂಚದ ಕೆಳಗೆ ಹೋಗುತ್ತಾನೆ, ಎಳೆಯಬೇಡಿ, ತಾನೇ ಬರುತ್ತಾನೆ. ಇಂಥವರಿಗೆ ಹೋಗಿ ಯೋಗ್ಯತೆಯ ಪಾಠ ಹೇಳುವುದಾದರೂ ಹೇಗೆ?

ಆಪರೇಷನ್ ಆಯಿತು. ನಾಯಿ ಅವರ ಮನೆಯಲ್ಲೇ ಇದೆ. ಸಂಜೆ ವಾಕಿಂಗ್ ಮಾಡಿಸುವ ಜವಾಬ್ದಾರಿಯನ್ನು ಅದೇ ಬೀದಿಯ ಪಿಯುಸಿ ಹುಡುಗ ಈಗಲೂ ಬಿಟ್ಟಿಲ್ಲ. ಬ್ರಿಟನ್ನಿನಲ್ಲಿ ಸಿನಮನ್ ಟ್ರಸ್ಟ್ ಅಂತ ಒಂದು ಸಂಸ್ಥೆ 1985ರಿಂದ ಈ ಕೆಲಸವನ್ನೇ ಮಾಡಿಕೊಂಡು ಬಂದಿದೆ. ವಯಸ್ಸಾದವರ, ಗುಣವಾಗದ ಕಾಯಿಲೆ ಇರುವವರ ನಾಯಿಗಳನ್ನು ವಾಕಿಂಗ್ ಕರಕೊಂಡು ಹೋಗುವುದು, ಅವರು ಆಸ್ಪತ್ರೆ ಸೇರಿದಾಗ ಸ್ವಯಂಸೇವಕರ ಮನೆಗಳಲ್ಲಿ ಇಟ್ಟುಕೊಳ್ಳುವುದು. ಮಕ್ಕಳೆಲ್ಲ ಹೊರದೇಶದಲ್ಲಿದ್ದು ಅಪ್ಪ-ಅಮ್ಮ ಮಾತ್ರ ಉಳಿದಿರುವ ಮನೆಗಳು ಜಯನಗರ, ಮಲ್ಲೇಶ್ವರ, ಮೈಸೂರಿನ ಕುವೆಂಪುನಗರಗಳಲ್ಲಿ ಎಷ್ಟಿಲ್ಲ? ಈ ಕೆಲಸ ಇಲ್ಲಿ ಯಾವತ್ತೋ ಶುರುವಾಗಬೇಕಿತ್ತು.

ಎಲ್ಲಕ್ಕಿಂತ ಕಷ್ಟದ್ದು ಬಾಡಿಗೆ ಮನೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನುಗಳ ಕಾಟಕ್ಕೆ ಉತ್ತರ ಇದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿ, ಬಹುಮತದ ನಿರ್ಣಯ ಮಾಡಿದರೂ ಸಾಕುಪ್ರಾಣಿ ನಿಷೇಧಿಸುವ ಹಾಗಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಅಂಥ ನಿಷೇಧದ ನಿಯಮಗಳು ಕಾನೂನುಬಾಹಿರ ಎಂದಿತು. ನಮ್ಮಲ್ಲಿ 2018ರಲ್ಲಿ ಆಗಿನ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಫ್ಲಾಟಿಗೆ ಒಂದೇ ನಾಯಿ ಅನ್ನುವ ನಿಯಮ ತರಲು ಹೊರಟಾಗ ಜನ ಎದ್ದು ನಿಂತರು, ಅದು ನಿಂತಿತು. ಮಾರ್ಗಸೂಚಿಯ ಪ್ರಿಂಟೌಟ್ ಹಿಡಿದು ಇಬ್ಬರು ಹೋಗಿ ಸೆಕ್ರೆಟರಿ ಜೊತೆ ಶಾಂತವಾಗಿ ಮಾತಾಡಿದರೆ ಎಷ್ಟೋ ನೋಟಿಸುಗಳು ಅಲ್ಲೇ ಬಿದ್ದುಹೋಗುತ್ತವೆ. ಆದರೆ ಮನೆ ಓನರ್ "ನಾಯಿ ಇದ್ದರೆ ಮನೆ ಕೊಡಲ್ಲ" ಅಂದರೆ ಪ್ರಿಂಟೌಟಿನಿಂದ ಏನೂ ಆಗುವುದಿಲ್ಲ.

ಅಲ್ಲಿ ಕೆಲಸ ಮಾಡಿದ್ದು ಬೇರೆ ದಾರಿ. ನಾಯಿ ಸಾಕಿದ್ದ ಒಂದು ಕುಟುಂಬಕ್ಕೆ ಮನೆ ಕೊಡಲು ಒಬ್ಬ ಓನರ್ ಆಂಟಿ ಯಾಕೆ ಬೇಡ ಅನ್ನುತ್ತಾರೆ ಅಂತ ಕೂತು ಕೇಳಿದಾಗ ತಿಳಿದದ್ದು, ಹಿಂದಿನ ಬಾಡಿಗೆದಾರರ ನಾಯಿ ತೇಗದ ಬಾಗಿಲನ್ನು ಪರಚಿ ಹಾಕಿತ್ತು, ಮಹಡಿಯಲ್ಲಿ ಮೂತ್ರದ ವಾಸನೆ ತಿಂಗಳುಗಟ್ಟಲೆ ಹೋಗಿರಲಿಲ್ಲ. ಅವರ ಭಯ ನ್ಯಾಯವಾದದ್ದೇ. ಹಾಗಾಗಿ ಬಾಗಿಲಿನ ಕೆಳಭಾಗಕ್ಕೆ ಅಕ್ರಿಲಿಕ್ ಶೀಟು ಹೊಡೆಸುವುದು, ಬಿಟ್ಟುಹೋಗುವಾಗ ಪೇಂಟಿಂಗ್ ಖರ್ಚು ಕೊಡುವುದು, ಟೆರೇಸಿಗೆ ನಾಯಿ ಬಿಡದಿರುವುದು ಅಂತ ಅಗ್ರಿಮೆಂಟಿನಲ್ಲೇ ಬರೆಸಿದೆವು. ವ್ಯಾಕ್ಸಿನ್ ಕಾರ್ಡ್ ತೋರಿಸಿದೆವು. ಹಳೆಯ ಮನೆಯ ಅಕ್ಕಪಕ್ಕದವರಿಂದ ಫೋನ್ ಮಾಡಿಸಿದೆವು. ಮನೆ ಸಿಕ್ಕಿತು. ಎಲ್ಲ ಓನರುಗಳೂ ಒಪ್ಪುತ್ತಾರೆ ಅನ್ನುವುದಿಲ್ಲ, ಬಹಳ ಮಂದಿ ಮಾತಿಗೇ ಕೂರುವುದಿಲ್ಲ. ಆದರೆ ಮನೆ ಹುಡುಕುವ ಗಡಿಬಿಡಿಯಲ್ಲಿರುವ ಗಂಡ-ಹೆಂಡತಿಗೆ ಇಂಥದ್ದನ್ನೆಲ್ಲ ಮಾಡುವ ವ್ಯವಧಾನ ಇರುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ನಿಂತರೆ ಬೇರೆಯೇ ಮಾತು.

"ಸಾಕೋಕಾಗದವರು ತರಬಾರದು" ಅನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಬೆಂಗಳೂರಿನ ಸೆಖೆಯಲ್ಲಿ ಚಳಿ ದೇಶದ ಹಸ್ಕಿ ನಾಯಿ ತಂದು ಆರು ತಿಂಗಳಿಗೆ ಬೇಸರವಾಗಿ ಹೈವೇಯಲ್ಲಿ ಇಳಿಸಿ ಹೋಗುವವರ ಮೇಲೆ ನನಗೂ ಅಷ್ಟೇ ಸಿಟ್ಟಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಹೀಗೆ ಬಿಟ್ಟುಹೋಗುವುದು ಅಪರಾಧ, ಮೊದಲ ಸಲಕ್ಕೆ ದಂಡ ಮಾತ್ರ 10ರಿಂದ 50 ರೂಪಾಯಿ. ಅದು ಹೆಚ್ಚಬೇಕು. ಹೊಡೆಯುವ ಮನೆಯಿಂದ, ಬಾಲ್ಕನಿಯಲ್ಲಿ ದಿನವಿಡೀ ಕಟ್ಟಿಹಾಕುವ ಮನೆಯಿಂದ ನಾಯಿಯನ್ನು ಬಿಡಿಸಿಯೇ ತರಬೇಕು, ಅಲ್ಲಿ ಯಾವ ಸಹಾಯದ ಮಾತೂ ಬೇಡ. ಆದರೆ ಒಂದು ನಾಯಿ ಹನ್ನೆರಡು, ಹದಿಮೂರು ವರ್ಷ ಬಾಳುತ್ತದೆ. ಅಷ್ಟು ವರ್ಷದಲ್ಲಿ ಕೆಲಸ ಹೋಗುವುದಿಲ್ಲ, ಕಾಯಿಲೆ ಬರುವುದಿಲ್ಲ, ಸಂಸಾರ ಒಡೆಯುವುದಿಲ್ಲ ಅಂತ ನಮ್ಮಲ್ಲಿ ಯಾರು ಬರೆದುಕೊಡಬಲ್ಲರು? ಆ ಭರವಸೆ ಇದ್ದವರು ಮಾತ್ರ ಪ್ರಾಣಿ ಸಾಕಬೇಕು ಅಂದರೆ ಶ್ರೀಮಂತರನ್ನು ಬಿಟ್ಟು ಇನ್ಯಾರೂ ಸಾಕುವ ಹಾಗಿಲ್ಲ.

ಮನೆ ಬಿಟ್ಟ ನಾಯಿಯ ಪಾಡೂ ಗೊತ್ತಿರಲಿ. ಸೋಫಾ ಮೇಲೆ ಬೆಳೆದ ನಾಯಿಯನ್ನು ಬೀದಿಗೆ ಬಿಟ್ಟರೆ ಆ ಬೀದಿಯ ನಾಯಿಗಳು ಸೇರಿಸಿಕೊಳ್ಳುವುದಿಲ್ಲ, ಮೈಯೆಲ್ಲ ಕಚ್ಚಿಸಿಕೊಳ್ಳುತ್ತದೆ, ಗಾಡಿಗಳ ನಡುವೆ ದಾಟಲು ಬರುವುದಿಲ್ಲ. ಶೆಲ್ಟರುಗಳೋ ತುಂಬಿ ತುಳುಕುತ್ತಿವೆ. ಅಲ್ಲಿಯವರು ಎಷ್ಟೇ ಜತನ ಮಾಡಿದರೂ ಪಾರ್ವೊ, ಡಿಸ್ಟೆಂಪರ್‌ನಂಥ ಅಂಟುರೋಗ ಒಮ್ಮೆ ಹೊಕ್ಕರೆ ಮರಿಗಳು ಸಾಲಾಗಿ ಹೋಗುತ್ತವೆ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮನೆಯಿಂದ ಬರದೇ ಉಳಿದ ಒಂದೊಂದು ನಾಯಿಯೂ ನಿಜವಾಗಿ ಬೀದಿಪಾಲಾದ ಇನ್ನೊಂದಕ್ಕೆ ಅಲ್ಲಿ ಜಾಗ ಉಳಿಸಿಕೊಡುತ್ತದೆ.

ಹಾಗಾಗಿ ಮುಂದಿನ ಸಲ "ಅರ್ಜೆಂಟ್ ಅಡಾಪ್ಷನ್" ಕಂಡಾಗ ಬೈಯುವ ಮುಂಚೆ ಅವರಿಗೊಂದು ಫೋನ್ ಮಾಡಿ. ಏನು ಕಷ್ಟ ಅಂತ ಕೇಳಿ. ಬೆದೆಗೆ ಬಂದ ಹೆಣ್ಣುನಾಯಿಯ ಹಿಂದೆ ಗಂಡುನಾಯಿಗಳ ಸಾಲು ನಿಂತು ಅಕ್ಕಪಕ್ಕದವರ ಜಗಳ ಶುರುವಾಗಿದ್ದರೆ ಸಂತಾನಹರಣ ಆಪರೇಷನ್ನಿಗೆ ಸಹಾಯ ಮಾಡಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುತ್ತಾರೆ, ನಿಮ್ಮ ಬೀದಿಯ ಆಟೋ ಡ್ರೈವರ್, ವಾಚ್‌ಮನ್, ಮನೆಗೆಲಸದ ಅಕ್ಕನ ಮನೆಯಲ್ಲಿ ನಾಯಿ ಇದ್ದರೆ ಕರಕೊಂಡು ಹೋಗಿ.

ವಿಜಯನಗರ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯದ ಆಸುಪಾಸಿನಲ್ಲಿರುವವರಿಗೆ ನನ್ನದೊಂದು ಕೋರಿಕೆ. ದೀಪಾವಳಿ ಹತ್ತಿರ ಬಂದಾಗ ಊರಿಗೆ ಹೋಗುವವರು ನಾಯಿಗಳನ್ನು ಎಲ್ಲಿ ಬಿಡುವುದು ಅಂತ ಕೇಳಲು ಶುರುಮಾಡುತ್ತಾರೆ. ನಮ್ಮ ಹತ್ತಿರ ಇರುವ ಎರಡು ಮನೆ ಸಾಲುವುದಿಲ್ಲ. ನೆಲಮಹಡಿಯ ಮನೆ ಇದ್ದು, ಗೇಟು ಭದ್ರವಾಗಿದ್ದು, ಒಂದು ವಾರ ಒಂದು ನಾಯಿಯನ್ನೋ ಬೆಕ್ಕನ್ನೋ ಇಟ್ಟುಕೊಳ್ಳಲು ಮನಸ್ಸಿರುವವರು ಇನ್‌ಬಾಕ್ಸ್ ಮಾಡಿ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಅದನ್ನೂ ತಿಳಿಸಿ, ಮುಂಚೆಯೇ ಎರಡನ್ನೂ ಒಟ್ಟಿಗೆ ವಾಕಿಂಗ್ ಮಾಡಿಸಿ ಹೊಂದಿಕೊಳ್ಳುತ್ತವೆಯಾ ನೋಡಬೇಕು. ಊಟ, ಔಷಧಿ, ಡಾಕ್ಟರ ಖರ್ಚು ನಮ್ಮದು.