ಆರಾರಲೆ ಮೂವತ್ತಾರು

ರಕ್ತಹೀನತೆ ಓಡಿಸಲು ನಮ್ಮ ಸರ್ಕಾರ ಮಗ್ಗಿ ಹಿಡಿದಿದೆ. 2018ರಲ್ಲಿ ಬಂದ ‘ಅನೀಮಿಯಾ ಮುಕ್ತ ಭಾರತ’ದ ಸೂತ್ರ ಆರು ಗುಣಿಸು ಆರು ಗುಣಿಸು ಆರು. ಆರು ಬಗೆಯ ಜನ, ಆರು ಬಗೆಯ ಕೆಲಸ, ಆರು ಬಗೆಯ ವ್ಯವಸ್ಥೆ. ಒಟ್ಟು 216. ಲೆಕ್ಕ ಪಕ್ಕಾ.

ಹೆಂಗಸರ ರಕ್ತ ಮಾತ್ರ ಲೆಕ್ಕಕ್ಕೆ ಬಗ್ಗುತ್ತಿಲ್ಲ. ಕರ್ನಾಟಕದ 15ರಿಂದ 49 ವರ್ಷದವರಲ್ಲಿ ರಕ್ತಹೀನತೆ ಇದ್ದವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 44.8. 2019-21ರಲ್ಲಿ 47.8. ಸೂತ್ರ ಆಗಿನ್ನೂ ಎಳೆಯದು ಅನ್ನಿ. ಏರಬೇಕಿದ್ದದ್ದು ಹಿಮೋಗ್ಲೋಬಿನ್, ಏರಿದ್ದು ಪರ್ಸೆಂಟೇಜು.

ಅರಿವು ಕಾರ್ಯಕ್ರಮ ಹೇಗಿರುತ್ತದೆ ಗೊತ್ತಲ್ವಾ? ಶಾಮಿಯಾನ, ದೀಪ, ಫ್ಲೆಕ್ಸು. ಫ್ಲೆಕ್ಸಿನ ಮೇಲೆ ಬಿರಿದ ದಾಳಿಂಬೆ, ಕಾಳು ಕಾಳೂ ಕೆಂಪಗೆ ಮಿನುಗುತ್ತಿರುತ್ತದೆ. ಎದುರು ಕೂತವರಲ್ಲಿ ಎಷ್ಟೋ ಜನ ದಾಳಿಂಬೆಯನ್ನು ಇಷ್ಟು ಹತ್ತಿರದಿಂದ ನೋಡುವುದು ಅಲ್ಲೇ. ಸಾಹೇಬರು ಮೈಕ್ ಹಿಡಿದು, “ಸೊಪ್ಪು ತಿನ್ನಿ, ಖರ್ಜೂರ ತಿನ್ನಿ, ಮೊಟ್ಟೆ ತಿನ್ನಿ, ಭಾರ ಎತ್ತಬೇಡಿ” ಅನ್ನುತ್ತಾರೆ. ಕೇಳಲು ಬಂದವಳು ಹತ್ತಿ ಬಿಡಿಸುವ ಕೂಲಿ ಬಿಟ್ಟು ಬಂದಿದ್ದಾಳೆ. ಅವತ್ತಿನ ಕೂಲಿ ಹೋಯಿತು, ಜೊತೆಗೆ ಮೊಟ್ಟೆಯೂ ಹೋಯಿತು.

ಆಮೇಲೆ ಮಾತ್ರೆ ನುಂಗಿಸಿ ಫೋಟೊ. ಫೋಟೊ ಆದ ತಕ್ಷಣ ಎಲ್ಲರಿಗೂ ಚಹಾ. ಮಾತ್ರೆ ಜೊತೆ ಚಹಾ ಕುಡಿದರೆ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಈ ಮಾತು ಫ್ಲೆಕ್ಸಿನ ಕೆಳಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ. ಚಹಾದ ಕ್ಯಾನು ಅದಕ್ಕೇ ಅಡ್ಡ ನಿಂತಿರುತ್ತದೆ.

ಆ 216ರಲ್ಲಿ ಒಂದು ಕಾಲಂ ನನಗಂತೂ ಕಾಣಲಿಲ್ಲ: ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಗಂಡ, ಮಾವ, ಮಕ್ಕಳು ಎದ್ದ ಮೇಲೆ ಪಾತ್ರೆಯ ತಳದಲ್ಲಿ ನಾಲ್ಕು ಸೌಟು ನೀರು ಸಾರು, ಬುಟ್ಟಿಯಲ್ಲಿ ಅರ್ಧ ರೊಟ್ಟಿ. ಅಡುಗೆಮನೆಯಲ್ಲಿ ನಡೆಯುವುದು ಭಾಗಾಕಾರ. ಶೇಷ ಅವಳದು. ಟಾರ್ಗೆಟ್ ಮುಟ್ಟಿಸಲು ಓಡಾಡುವ ಆಶಾ ಕಾರ್ಯಕರ್ತೆಗೂ ಮನೆಯಲ್ಲಿ ಇದೇ ಸಾರು, ಪಾಪ.

ಕೊನೆಗೆ ಒಬ್ಬಾಕೆ ಎದ್ದು, “ಹಸದ ಹೊಟ್ಟ್ಯಾಗ ಈ ಗುಳಿಗಿ ತಗೊಂಡ್ರ ಹೊಟ್ಟಿ ತೊಳಸ್ತೈತ್ರಿ” ಅಂದಳು ಅಂದುಕೊಳ್ಳಿ. ರಿಜಿಸ್ಟರಿನಲ್ಲಿ ಬರೆಯುವ ಕಾರಣ ಮೊದಲೇ ತಯಾರು: ‘ಅರಿವಿನ ಕೊರತೆ’. ಪರಿಹಾರವೂ ತಯಾರು. ಮುಂದಿನ ತಿಂಗಳು ಜಾಥಾ. ಬಿಸಿಲಲ್ಲಿ, ಘೋಷಣೆ ಕೂಗುತ್ತಾ, ನಡೆದುಕೊಂಡು. ಎಷ್ಟು ಕಿಲೋಮೀಟರ್ ಅಂತೀರಾ?

ಆರು.