ನಿನ್ನೆ ಮುಗಿಸೀನಿ ಅಂದ್ರ ತಪ್ಪೇನೈತಿ?

ಕಳೆದ ಭಾನುವಾರ ಪುಣೆಯ ಕೋಥ್ರೂಡ್‌ನ ನಮ್ಮ ಮನೆಗೆ ವಿಜಯಪುರದ ಹುಡುಗನೊಬ್ಬ ಬಂದಿದ್ದ. ಇಲ್ಲೇ ಐಟಿ ಕಂಪನಿಗಳಿರುವ ಹಿಂಜವಡಿಯಲ್ಲಿ ಕೆಲಸ. ಮುಖ ಸಣ್ಣದಾಗಿತ್ತು. ಮೀಟಿಂಗ್‌ನಲ್ಲಿ 'ಐ ಹ್ಯಾವ್ ಫಿನಿಶ್ಡ್ ಇಟ್ ಯೆಸ್ಟರ್ಡೇ' ಅಂದಿದ್ದಕ್ಕೆ ಮ್ಯಾನೇಜರ್ ಎಲ್ಲರೆದುರು ನಕ್ಕರಂತೆ.

"ಅಕ್ಕಾರ, ನಿನ್ನೆ ಮುಗಿಸೀನಿ ಅಂತ ನಾವು ಅಂತೀವಲ್ರೀ. ಅದ್ರಾಗ ತಪ್ಪೇನೈತಿ?"

ನನಗೆ ಹೊಟ್ಟೆ ಉರಿಯಿತು. ಯಾರಾದರೂ ಕರೆದರೆ ನಾವು 'ಬಂದೆ' ಅಂತೀವಿ, ಇಲ್ಲಿಯ ಮರಾಠಿಯವರು 'ಆಲೋ' ಅಂತಾರೆ. ಆಗಿನ್ನೂ ಕಾಲಿಗೆ ಚಪ್ಪಲಿ ಸಹ ಹಾಕಿರುವುದಿಲ್ಲ. ಅದಕ್ಕೆ ಯಾರಾದರೂ ನಗ್ತಾರಾ? ಒಂದೊಂದು ಭಾಷೆಗೆ ಒಂದೊಂದು ರೂಢಿ. ಅದನ್ನು ಶಾಲೆಯಲ್ಲಿ ಕನ್ನಡದಲ್ಲೇ ಬಿಡಿಸಿ ಹೇಳಬೇಕಿತ್ತು. ನಮಗೆ ಸಿಕ್ಕಿದ್ದು 'ಹ್ಯಾವ್ ಪ್ಲಸ್ ವಿ3', ಅಂದರೆ ಹ್ಯಾವ್ ಜೊತೆ ಕ್ರಿಯಾಪದದ ಮೂರನೇ ರೂಪ, ಅನ್ನೋ ಬಾಯಿಪಾಠ ಮಾತ್ರ.

ಕನ್ನಡದಲ್ಲೂ ಎರಡು ರೂಪ ಇವೆ. ಮುಗಿಸಿದೆ, ಮುಗಿಸಿದ್ದೇನೆ. ಹುಡುಗನ 'ಮುಗಿಸೀನಿ' ಅಂದರೆ ಈ ಎರಡನೆಯದೇ. ಎರಡನೆಯದರ ಹೊಟ್ಟೆಯಲ್ಲಿ 'ಇದ್ದೇನೆ' ಕೂತಿದೆ ನೋಡಿ. ಕೆಲಸ ಹಿಂದಿನದು, ಮಾತು ಈಗಿನದು. ಇಂಗ್ಲಿಷಿನ 'ಹ್ಯಾವ್' ಕೂಡ ಈಗಿನ ಮಾತೇ. ಆದರೆ ನಮ್ಮ 'ಇದ್ದೇನೆ' ನಿನ್ನೆಯ ಜೊತೆಗೂ ಹೊಂದಿಕೊಳ್ಳುತ್ತದೆ, 'ಹ್ಯಾವ್' ಹೊಂದಿಕೊಳ್ಳುವುದಿಲ್ಲ. ಯೆಸ್ಟರ್ಡೇ, ಲಾಸ್ಟ್ ವೀಕ್, ಇನ್ 2019 ಅಂತ ಮುಗಿದುಹೋದ ಹೊತ್ತನ್ನು ಹೇಳಿದಿರೋ, ಸುಮ್ನೆ 'ಫಿನಿಶ್ಡ್' ಸಾಕು. ಯಾವಾಗ ಅನ್ನೋದು ಬೇಡ, ಕೆಲಸ ಆಗಿದೆ, ತಗೊಳ್ಳಿ ಅನ್ನುವುದಾದರೆ 'ಹ್ಯಾವ್ ಫಿನಿಶ್ಡ್'.

ಹುಡುಗನಿಗೆ ಇದು ಪಕ್ಕಾ ಆಗಿದ್ದು ಭೀಮಸೇನ ಜೋಶಿಯವರಿಂದ. ಗದಗ ಕಡೆಯವರು, ಪುಣೆಯಲ್ಲೇ ಬಾಳಿ 2011ರಲ್ಲಿ ತೀರಿಕೊಂಡರು. ಇವತ್ತಿಗೂ ನಾವು 'ಅವರು ದಾಸರ ಪದ ಎಷ್ಟು ಚೆನ್ನಾಗಿ ಹಾಡಿದ್ದಾರೆ' ಅಂತೀವಿ. ಕನ್ನಡದಲ್ಲಿ ಅದು ಸಹಜ. ಇಂಗ್ಲಿಷಿನಲ್ಲಿ 'ಹ್ಯಾಸ್ ಸಂಗ್' ಅಂದರೆ ಇನ್ನೂ ಇದ್ದಾರೆ, ನಾಳೆಯೂ ಹಾಡಿಯಾರು ಅನ್ನಿಸುತ್ತದೆ. ಅಲ್ಲಿ 'ಸ್ಯಾಂಗ್' ಅನ್ನಬೇಕು. ಇದನ್ನು ಹೇಳುವಾಗ ನನಗೇ ಒಂಥರಾ ಸಂಕಟವಾಯಿತು. ಆದರೆ ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಇದೇ ಪುಣೆಯಲ್ಲಿ ಅವರು ಶುರು ಮಾಡಿದ ಸಂಗೀತೋತ್ಸವ ಇದೆಯಲ್ಲ, ಅದು ಈಗಲೂ ನಡೆಯುತ್ತದೆ. 'ಹಿ ಸ್ಟಾರ್ಟೆಡ್ ಇಟ್ ಇನ್ 1953.' 'ಇಟ್ ಹ್ಯಾಸ್ ಬಿಕಮ್ ಪುಣೇಸ್ ಪ್ರೈಡ್.' ಶುರು ಮಾಡಿದ್ದು ಆ ವರ್ಷಕ್ಕೆ ಮುಗಿಯಿತು. ಹೆಮ್ಮೆ ಇನ್ನೂ ಇದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬ್ಯಾಗಿನಿಂದ ತನ್ನ ರೆಸ್ಯೂಮೆ ತೆಗೆದ. ಬಿಟ್ಟುಬಂದ ಹಳೇ ಕಂಪನಿಯ ಸಾಲಿನಲ್ಲಿ 'ಹ್ಯಾವ್ ವರ್ಕ್ಡ್ ಫ್ರಮ್ 2018 ಟು 2021' ಅಂತಿತ್ತು. ನಾನು ಏನೂ ಹೇಳಲಿಲ್ಲ. ಅವನೇ ಪೆನ್ನು ತಗೊಂಡು 'ಹ್ಯಾವ್' ಹೊಡೆದುಹಾಕಿದ. ಕೆಳಗಿನ ಸಾಲು, ಈಗಿನ ಕಂಪನಿಯದು: 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2021'. ಅಲ್ಲಿ 'ಆಮ್ ವರ್ಕಿಂಗ್' ಹೊಡೆದು 'ಹ್ಯಾವ್ ವರ್ಕ್ಡ್' ಬರೆದ.

"ಇಲ್ಲಿ ಇನ್ನೂ ಇದ್ದೀನಲ್ರೀ ಅಕ್ಕಾರ" ಅಂದ.