ಅಟ್ಟದ ಮೇಲಿನ ಖಾಲಿ ಡಬ್ಬ

ಮನೆಯಲ್ಲಿ ಜಾಗವೇ ಇಲ್ಲ ಎಂದು ಗೊಣಗುವವರು ಮೊದಲು ಒಂದು ಸ್ಟೂಲ್ ಹಾಕಿಕೊಂಡು ಅಟ್ಟದ ಮೇಲೆ ಇಣುಕಬೇಕು. ಹತ್ತಡಿ ಗೋಡೆಯ ಉದ್ದಕ್ಕೂ, ಬಾಗಿಲಿಗಿಂತ ಮೇಲೆ, ಎರಡಡಿ ಆಳದ ಸಜ್ಜಾ ಹಾಕಿಸಿದ್ದರೆ ಅದಕ್ಕೂ ಸೂರಿಗೂ ನಡುವೆ ಎರಡೂವರೆ ಅಡಿಯಾದರೂ ಉಳಿಯುತ್ತದೆ. ಗುಣಿಸಿ ನೋಡಿ: 50 ಘನ ಅಡಿ. ಲೀಟರ್ ಲೆಕ್ಕದಲ್ಲಿ ಸುಮಾರು 1,400. ತಾರಸಿಯ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕಿಗಿಂತ ದೊಡ್ಡದೊಂದು ಉಗ್ರಾಣ ನೆತ್ತಿಯ ಮೇಲೇ ಕೂತಿದೆ. ಅದರೊಳಗೆ ಏನು ತುಂಬಿದ್ದೀರಿ ಎಂದು ಕೇಳಿದರೆ ಪ್ರಾಮಾಣಿಕ ಉತ್ತರ ಒಂದೇ: ಗಾಳಿ. ಟಿವಿ ಬಂದ ಡಬ್ಬದೊಳಗಿನ ಗಾಳಿ, ಮಿಕ್ಸಿ ಬಂದ ಡಬ್ಬದೊಳಗಿನ ಗಾಳಿ, ಹಿಂದಿನ ಮಿಕ್ಸಿ ಬಂದ ಡಬ್ಬದೊಳಗಿನ, ಈಗ ಹಳತಾದ ಗಾಳಿ.

ಇದಕ್ಕೆ ಎಲ್ಲ ಮನೆಗಳಲ್ಲೂ ಸಿದ್ಧ ಸಮರ್ಥನೆ ಇದೆ. ‘ರಿಪೇರಿಗೆ ಬಂದರೆ ಡಬ್ಬ ಕೇಳ್ತಾರೆ’ ಎನ್ನುವುದು ಒಂದು. ‘ಮನೆ ಬದಲಾಯಿಸುವಾಗ ಬೇಕಾಗುತ್ತೆ’ ಎನ್ನುವುದು ಇನ್ನೊಂದು. ವಾರಂಟಿಗೆ ಸಾಮಾನ್ಯವಾಗಿ ಕೇಳುವುದು ಬಿಲ್ಲನ್ನು. ಡಬ್ಬ ಬೇಕಾಗುವುದು ಆನ್‌ಲೈನಿನಲ್ಲಿ ತರಿಸಿದ ಮಾಲನ್ನು ವಾಪಸ್ ಕಳಿಸಲು ಕೊಟ್ಟಿರುವ ಕೆಲವೇ ದಿನಗಳಲ್ಲಿ. ಆದರೆ ನಮ್ಮಲ್ಲಿ ಬಿಲ್ಲು ಕಳೆದುಹೋಗುತ್ತದೆ, ಡಬ್ಬ ಉಳಿಯುತ್ತದೆ. 43 ಇಂಚಿನ ಟಿವಿಯ ಡಬ್ಬವೊಂದೇ ಹತ್ತಿರ ಹತ್ತಿರ 90 ಲೀಟರ್ ಜಾಗ ನುಂಗುತ್ತದೆ. ಬಿಸಾಡಲು ಮನಸ್ಸು ಬಾರದಿದ್ದರೆ ತಳದ ಟೇಪನ್ನು ಉದ್ದಕ್ಕೆ ಕೊಯ್ದು ಚಪ್ಪಟೆ ಮಾಡಿ, ಬೀರುವಿನ ಹಿಂದೆ ನಿಲ್ಲಿಸಿ. ನಿಜವಾದ ಖಳನಾಯಕ ಒಳಗಿನ ಥರ್ಮಾಕೋಲ್. ಅದು ಚಪ್ಪಟೆಯಾಗುವುದಿಲ್ಲ, ಗುಜರಿಯವನು ಮುಟ್ಟುವುದಿಲ್ಲ, ಮುರಿದರೆ ಬಿಳಿ ಕಾಳು ಇಡೀ ಮನೆಗೆ ಹರಡಿ ಪೊರಕೆಗೂ ಅಂಟಿಕೊಳ್ಳುತ್ತದೆ. ವಾಪಸ್ ಕಳಿಸುವ ಅವಧಿ ಮುಗಿದ ದಿನವೇ ಒಣ ಕಸದ ಜೊತೆ ಅದನ್ನು ಸಾಗಹಾಕುವುದು ಕ್ಷೇಮ.

ಡಬ್ಬಗಳನ್ನು ಇಳಿಸಿದ ಮೇಲೆ ಅಟ್ಟಕ್ಕೆ ಏನು ಏರಬೇಕು? ವರ್ಷಕ್ಕೊಮ್ಮೆ ಇಳಿಯುವಂಥದು ಮಾತ್ರ. ಕಷ್ಟ ಏನೆಂದರೆ ಎರಡಡಿ ಆಳದಲ್ಲಿ ಎರಡು ಸಾಲು ಕೂರುತ್ತದೆ, ಬೇಕಾದದ್ದು ಯಾವತ್ತೂ ಹಿಂದಿನ ಸಾಲಿನಲ್ಲಿರುತ್ತದೆ. ಆಮೇಲೆ ನಡೆಯುವ ಸಂಭಾಷಣೆಯನ್ನು ಮಹಾಲಯ ಅಮಾವಾಸ್ಯೆಯ ಸಂಜೆ ಯಾವ ಬೀದಿಯಲ್ಲಿ ಬೇಕಾದರೂ ಕೇಳಬಹುದು.

‘ರೀ, ಸಿಕ್ತಾ?’

‘ಯಾವುದೇ?’

‘ಅದೇ, ನೀಲಿ ಮುಚ್ಚಳದ್ದು. ಪಟ್ಟದ ಗೊಂಬೆ ಅದರಲ್ಲೇ ಇರೋದು.’

‘ಇಲ್ಲಿ ಆರು ನೀಲಿ ಮುಚ್ಚಳ ಇವೆ ಕಣೇ.’

ಆರನ್ನೂ ಒಂದೇ ಬಣ್ಣದಲ್ಲಿ ತಂದದ್ದು ಅಂಗಡಿಯವನು ಆರಕ್ಕೆ ರಿಯಾಯಿತಿ ಕೊಟ್ಟ ಅಂತ. ಇರಲಿ. ಇದಕ್ಕೆ ಪಂಚಾಂಗವೇ ಪರಿಹಾರ. ಭಾದ್ರಪದದ ಗೌರಿ ಗಣೇಶನ ಸಾಮಾನು ಮುಂದೆ, ಅದರ ಬೆನ್ನಿಗೆ ನವರಾತ್ರಿಯ ಗೊಂಬೆ. ಗಣೇಶನ ಡಬ್ಬ ಇಳಿದಾಗ ಗೊಂಬೆಯ ಡಬ್ಬವನ್ನು ಮುಂದಕ್ಕೆ ಎಳೆದು, ಅದರ ಹಿಂದೆ ಗಣೇಶನ ಡಬ್ಬವನ್ನು ವಾಪಸ್ ತಳ್ಳಬೇಕು. ದೀಪಾವಳಿಯ ಹಣತೆ, ಆಕಾಶಬುಟ್ಟಿಗೂ ಇದೇ ಸರದಿ. ಹಿಂದಿನ ಸಾಲಿನ ಪ್ರತಿ ಡಬ್ಬದ ಹಿಡಿಕೆಗೂ ಒಂದು ಮೊಳ ನೈಲಾನ್ ಹಗ್ಗ ಕಟ್ಟಿ ತುದಿಯನ್ನು ಮುಂದಕ್ಕೆ ಬಿಟ್ಟಿರಿ. ಮುಂದಿನದನ್ನು ಸರಿಸಿದೊಡನೆ ಎಳೆದುಕೊಳ್ಳಬಹುದು. ಮಣ್ಣಿನ ಗೊಂಬೆಗಳನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಆಮೇಲೆ ಪತ್ರಿಕೆಯಲ್ಲಿ ಸುತ್ತಬೇಕು. ಬರೀ ಪತ್ರಿಕೆಯಾದರೆ ರಾಮನ ಹಸಿರು ಮೈಗೆ ಮುದ್ರಣದ ಮಸಿ ಹತ್ತುತ್ತದೆ. ಡಬ್ಬಗಳಿಗೆ ನಂಬರ್ ಬರೆದು, ಯಾವುದರಲ್ಲಿ ಏನಿದೆ ಎಂಬ ಪಟ್ಟಿಯನ್ನು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ. ಪಟ್ಟಿಯನ್ನು ಜೋಪಾನವಾಗಿ ಮೂರನೇ ಡಬ್ಬದೊಳಗೇ ಇಟ್ಟು ಮುಚ್ಚುವವರೂ ಇದ್ದಾರೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಹಾಸಿಗೆಯ ಕೆಳಗೆ ಏನು ಮಾಡಬೇಕೆಂದು ಹೇಳಲಿಲ್ಲ. ಅಲ್ಲಿ ಆರೂವರೆ ಅಡಿ ಉದ್ದ, ಐದಡಿ ಅಗಲ, ಹತ್ತಿಂಚು ಆಳದ ಬಾಕ್ಸ್ ಮಾಡಿಸಿದರೆ 27 ಘನ ಅಡಿ ಸಿಗುತ್ತದೆ, ಅಟ್ಟದ ಅರ್ಧಕ್ಕಿಂತ ತುಸು ಹೆಚ್ಚು. ಹಲಗೆ ಎತ್ತುವ ಮಾದರಿ ಅಗ್ಗ, ಆದರೆ ಒಂದು ರಗ್ಗು ತೆಗೆಯಲು ಇಬ್ಬರು ಸೇರಿ ತೆಂಗಿನ ನಾರಿನ ಹಾಸಿಗೆಯನ್ನು ಗೋಡೆಗೆ ಒರಗಿಸಬೇಕು. ಅದು ಮೂರು ನಿಮಿಷ ನಿಂತು, ನೀವು ಬಗ್ಗಿದ ಕ್ಷಣಕ್ಕೆ ಸರಿಯಾಗಿ ಬೆನ್ನ ಮೇಲೆ ಮಲಗುತ್ತದೆ. ಹೈಡ್ರಾಲಿಕ್ ಮಾದರಿಯಲ್ಲಿ ಎರಡು ಗ್ಯಾಸ್ ಪಂಪು ಆ ಕೆಲಸ ಮಾಡುತ್ತವೆ. ಅವುಗಳ ಬಲವನ್ನು ನ್ಯೂಟನ್‌ನಲ್ಲಿ ಮುದ್ರಿಸಿರುತ್ತಾರೆ. ಹಲಗೆ ಮತ್ತು ಹಾಸಿಗೆ ಎರಡರ ತೂಕವನ್ನೂ ಬಡಗಿಗೆ ಮೊದಲೇ ಹೇಳಬೇಕು. ಮಂಚ ಬಂದ ದಿನ ಹಾಸಿಗೆ ಇನ್ನೂ ಬಂದಿರುವುದಿಲ್ಲ. ಭಾರವಿಲ್ಲದ ಹಲಗೆ ಕೆಳಗೆ ಒತ್ತಿದಷ್ಟೂ ಮೊಸಳೆಯ ಹಾಗೆ ಬಾಯಿ ತೆರೆಯುತ್ತದೆ. ಕೆಟ್ಟಿದೆ ಎಂದು ಅಂಗಡಿಯವನ ಮೇಲೆ ಕೂಗಾಡಬೇಡಿ, ಹಾಸಿಗೆ ಬರಲಿ. ವರ್ಷಗಳು ಕಳೆದ ಮೇಲೆ ಇದರ ಉಲ್ಟಾ ಆಗುತ್ತದೆ: ಪಂಪಿನ ಒತ್ತಡ ಇಳಿದು, ಎತ್ತಿದ ಹಲಗೆ ತಾನಾಗಿ ಮೆಲ್ಲಗೆ ಇಳಿಯಲು ತೊಡಗುತ್ತದೆ. ಅದು ಪಂಪು ಬದಲಿಸಿ ಎಂಬ ಸೂಚನೆ, ಅಷ್ಟರೊಳಗೆ ತಲೆ ಒಳಗೆ ಹಾಕಬೇಡಿ. ಬಾಕ್ಸಿನ ತಳ ನೆಲಕ್ಕೆ ತಾಗಬಾರದು, ಎರಡಿಂಚು ಕಾಲು ಇರಲಿ. ಇಲ್ಲದಿದ್ದರೆ ದಿನಾ ನೆಲ ಒರೆಸುವ ನೀರನ್ನು ಪ್ಲೈವುಡ್ ಕುಡಿದು ಕುಡಿದು, ಒಂದು ಮಳೆಗಾಲದಲ್ಲಿ ಉಬ್ಬಿ, ಒಳಗಿನ ಬಟ್ಟೆಗೆ ಬೂಷ್ಟಿನ ವಾಸನೆ ಕೊಡುತ್ತದೆ.

ಆ ಬಾಕ್ಸಿಗೆ ಇನ್ನಷ್ಟು ತುರುಕಲು ಗಾಳಿ ಹೀರುವ ಪ್ಲಾಸ್ಟಿಕ್ ಚೀಲ ಸಿಗುತ್ತದೆ. ಜಾಹೀರಾತಿನಲ್ಲಿ ದಿಂಬು ದೋಸೆಯಾಗುವುದನ್ನು ನೋಡಿ ಮರುಳಾಗಬೇಡಿ. ಪಾಲಿಯೆಸ್ಟರ್ ತುಂಬಿದ ದಿಂಬು, ರಜಾಯಿ ನಿಜಕ್ಕೂ ಕುಗ್ಗುತ್ತವೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನದು ಗಾಳಿಯೇ. ಹಳೇ ಸೀರೆ ಪದರಿಸಿ ಹೊಲಿದ ಕೌದಿಯಲ್ಲಿ ಹೀರಲು ಗಾಳಿಯೇ ಇರುವುದಿಲ್ಲ. ಚೀಲದಿಂದ ಹೊರಬರುವಾಗ ಅದು ಕೌದಿಯಾಗಿ ಉಳಿಯದೆ ಬೀಸುವ ಕಲ್ಲಾಗಿರುತ್ತದೆ. ಚೀಲವನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು. ಜಿಪ್ಪಿನ ಗಾಡಿಯಲ್ಲಿ ಒಂದು ನೂಲೆಳೆ ಸಿಕ್ಕಿಕೊಂಡಿದ್ದರೂ ಸಾಕು, ರಾತ್ರೋರಾತ್ರಿ ಗಾಳಿ ಒಳಗೆ ಸೇರಿ ಚೀಲ ಉಬ್ಬುತ್ತದೆ, ಬೆಳಗ್ಗೆ ನೋಡಿದರೆ ಬೀರುವಿನ ಬಾಗಿಲು ತಾನಾಗಿ ತೆರೆದಿರುತ್ತದೆ. ರೇಷ್ಮೆ ಸೀರೆಯನ್ನಂತೂ ಅದರೊಳಗೆ ಹಾಕಲೇಬೇಡಿ. ಒತ್ತಡಕ್ಕೆ ಮಡಿಕೆಯಲ್ಲಿ ಜರಿ ಮುರಿಯುತ್ತದೆ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರ್ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ನುಸಿಗುಳಿಗೆ ಜರಿಗೆ ತಾಗದ ಹಾಗೆ ಮೂಲೆಯಲ್ಲಿಡಿ. ಇದಕ್ಕೆ ಜಾಗ ಉಳಿಸುವ ಉಪಾಯ ಇಲ್ಲ. ಇದ್ದಿದ್ದರೂ ಉಳಿದ ಜಾಗಕ್ಕೆ ಇನ್ನೊಂದು ಸೀರೆ ಬರುತ್ತಿತ್ತು.

ನೆಲ ಮುಗಿಯಿತು, ಇನ್ನು ಗೋಡೆ. ಅಪಘಾತಗಳ ತವರು ಇದೇ. ಶೆಲ್ಫ್ ಹೊಡೆಯುವ ಮುನ್ನ ಗೋಡೆ ಯಾವ ಜಾತಿಯದು ಎಂದು ತಿಳಿಯಬೇಕು. ಈ ಒಂದು ವಿಷಯದಲ್ಲಿ ಜಾತಿ ಕೇಳಿದರೆ ತಪ್ಪಿಲ್ಲ. ಮೂಲೆಯಲ್ಲಿ ಸಣ್ಣ ತೂತು ಕೊರೆದು ಉದುರುವ ಪುಡಿ ನೋಡಿ. ಮೊದಲ ಅರ್ಧ ಇಂಚು ಪ್ಲಾಸ್ಟರಿನ ಪುಡಿ, ಅದು ಏನೂ ಹೇಳುವುದಿಲ್ಲ. ಆಮೇಲೆ ಕೆಂಪಾದರೆ ಇಟ್ಟಿಗೆ. ಬೂದು ಬಣ್ಣವಿದ್ದು, ಡ್ರಿಲ್ಲಿನ ಬಿಟ್ಟು (ಕೊರೆಯುವ ಕಡ್ಡಿ) ಕಷ್ಟಪಟ್ಟು ಇಳಿದರೆ ಗಟ್ಟಿ ಸಿಮೆಂಟ್ ಬ್ಲಾಕ್ ಅಥವಾ ಕಾಂಕ್ರೀಟ್. ಬೂದು ಪುಡಿ ಬಂದು, ಡ್ರಿಲ್ಲಿನ ಬಿಟ್ಟು ಇದ್ದಕ್ಕಿದ್ದಂತೆ ಧಡಕ್ಕನೆ ಒಳಗೆ ನುಗ್ಗಿದರೆ ಟೊಳ್ಳು ಬ್ಲಾಕ್. ಬಿಳಿಚಿಕೊಂಡ ಮೆತ್ತಗಿನ ಪುಡಿ ಹಿಟ್ಟಿನಂತೆ ಸುರಿದರೆ ಹಗುರ ಎಎಸಿ ಬ್ಲಾಕ್. ಅದಕ್ಕೂ ಟೊಳ್ಳು ಬ್ಲಾಕಿಗೂ ಬೇರೆಯದೇ ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಕೊಳವೆ) ಕೇಳಿ ತರಬೇಕು, ಮಾಮೂಲಿನದು ಹಾಕಿದರೆ ಸ್ಕ್ರೂ ಜೊತೆಗೆ ಪ್ಲಗ್ಗೂ ಗಿರಗಿರ ತಿರುಗುತ್ತಾ ಕೂರುತ್ತದೆ. ಇಟ್ಟಿಗೆ, ಗಟ್ಟಿ ಬ್ಲಾಕಿಗೆ 8 ಎಂಎಂ ಬಿಟ್ಟು, 8 ಎಂಎಂ ಪ್ಲಗ್, ಎರಡಿಂಚಿನ ಸ್ಕ್ರೂ ಸಾಕು. ಪ್ಲಗ್ ಪೂರ್ತಿಯಾಗಿ ಪ್ಲಾಸ್ಟರ್ ದಾಟಿ ಗೋಡೆಯೊಳಗೆ ಕೂತಿರಬೇಕು. ತೂತು ಹಾಗೆ ಕೂತ ಪ್ಲಗ್ಗಿನ ತುದಿಗಿಂತ ಒಂದು ಸೆಂಟಿಮೀಟರ್ ಆಳ ಇರಲಿ, ಬಿಟ್ಟಿನ ಮೇಲೆ ಆ ಅಳತೆಗೆ ಟೇಪ್ ಸುತ್ತಿಕೊಳ್ಳಿ. ಕೊರೆದ ಮೇಲೆ ಪುಡಿಯನ್ನು ಊದಿ ತೆಗೆಯಬೇಕು, ಕಣ್ಣು ಮುಚ್ಚಿಕೊಂಡು. ತೂತು ದೊಡ್ಡದಾಯಿತೆಂದು ಬೆಂಕಿಕಡ್ಡಿ ತುರುಕುವ ವಿದ್ಯೆ ಕ್ಯಾಲೆಂಡರಿಗೆ ಸರಿ, ಪುಸ್ತಕದ ಶೆಲ್ಫಿಗಲ್ಲ. 10 ಎಂಎಂ ಪ್ಲಗ್ಗಿಗೆ ಬಡ್ತಿ ಕೊಡಿ.

ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ. ತಂತಿಯ ಪೈಪು ಆ ದಾರಿಯಲ್ಲೇ ಇಳಿದಿರುತ್ತದೆ. ನಲ್ಲಿಯ ನೇರ ಮೇಲಕ್ಕೂ ಅದೇ ಮಾತು. ಎಚ್ಚರಿಕೆಗೆಂದು ಮೈನ್ ಸ್ವಿಚ್ ಆರಿಸಿ, ಆಮೇಲೆ ಡ್ರಿಲ್ ಯಾಕೆ ತಿರುಗುತ್ತಿಲ್ಲ ಎಂದು ಹತ್ತು ನಿಮಿಷ ಅದರ ಪ್ಲಗ್ ಬಿಚ್ಚಿ ನೋಡುವವರು ಬಹಳ. ಆ ಕೋಣೆಯ ಎಂಸಿಬಿ (ಫ್ಯೂಸಿನ ಬದಲಿಗಿರುವ ಸ್ವಿಚ್) ಮಾತ್ರ ಇಳಿಸಿ, ಪಕ್ಕದ ಕೋಣೆಯಿಂದ ಎಕ್ಸ್‌ಟೆನ್ಶನ್ ಎಳೆಯಿರಿ.

ಶೆಲ್ಫ್ ಕೂತ ಮೇಲೆ ಆರು ತಿಂಗಳಿಗೆ ಬಾಳೆಲೆಯಂತೆ ಬಾಗುವುದೇಕೆ? ಪುಸ್ತಕ ಒಂದಡಿ ಉದ್ದಕ್ಕೆ ಒಂಬತ್ತು ಹತ್ತು ಕೆಜಿ ತೂಗುತ್ತದೆ. ಆಸರೆಗಳ ನಡುವಿನ ಅಂತರ ದುಪ್ಪಟ್ಟು ಮಾಡಿ ಅದೇ ಒತ್ತಿಗೆ ಪುಸ್ತಕ ತುಂಬಿದರೆ ಬಾಗು ದುಪ್ಪಟ್ಟಲ್ಲ, 16 ಪಟ್ಟು. ಮುಕ್ಕಾಲು ಇಂಚಿನ ಪಾರ್ಟಿಕಲ್ ಬೋರ್ಡಿಗೆ ಎರಡಡಿಗೊಂದು ಆಸರೆ ಬೇಕೇ ಬೇಕು. ಈಗಾಗಲೇ ಬಾಗಿದ್ದರೆ ಹಲಗೆಯನ್ನು ಮಗುಚಿ ಹಾಕಿ, ಮುಂದಿನ ಅಂಚಿಗೆ ಒಂದೂವರೆ ಇಂಚಿನ ಮರದ ಪಟ್ಟಿಯನ್ನು ನಿಲುವಾಗಿ ಹೊಡೆಸಿ. ದಪ್ಪ ಹಲಗೆ ಕೊಳ್ಳುವುದಕ್ಕಿಂತ ಅಗ್ಗ.

ಅಡುಗೆಮನೆಯಲ್ಲಿ ಜಾಗ ತಿನ್ನುವುದು ಪಾತ್ರೆಯಲ್ಲ, ಪಾತ್ರೆಯ ಆಕಾರ. ದುಂಡು ಡಬ್ಬಗಳನ್ನು ಸಾಲಾಗಿ ಜೋಡಿಸಿದರೆ ಶೆಲ್ಫಿನ ನೂರರಲ್ಲಿ 78 ಪಾಲು ಡಬ್ಬಕ್ಕೆ, ಉಳಿದದ್ದು ಸಂದಿಗೆ, ಅಂದರೆ ಜಿರಳೆಗೆ. ಚೌಕ ಡಬ್ಬ ತಂದರೆ ಆ ಪಾಲು ವಾಪಸ್ ಬರುತ್ತದೆ. ಆದರೆ ಮದುವೆಯಲ್ಲಿ ಹೆಸರು ಕೊರೆಸಿ ಕೊಟ್ಟ ದುಂಡು ಸ್ಟೀಲ್ ಡಬ್ಬಗಳನ್ನು ಹೊರಹಾಕುವ ಧೈರ್ಯ ಜ್ಯಾಮಿತಿಗೂ ಇಲ್ಲ. ಹಾಗಾಗಿ ದುಂಡು ಡಬ್ಬಗಳನ್ನು ಅಡ್ಡ ಜೋಡಿಸುವ ಬದಲು ಒಂದರ ಮೇಲೊಂದು ಕೂರಿಸಿ, ಮೇಲೆ ಸಣ್ಣದು, ಕೆಳಗೆ ದೊಡ್ಡದು. ಚೀಟಿ ಅಂಟಿಸುವುದು ಮುಚ್ಚಳದ ಮೇಲಲ್ಲ, ಡಬ್ಬದ ಹೊಟ್ಟೆಗೆ. ತೊಳೆದ ದಿನ ಮುಚ್ಚಳಗಳು ಅದಲುಬದಲಾಗುತ್ತವೆ, ಮರುದಿನ ಕೇಸರಿಬಾತಿಗೆ ಇಡ್ಲಿ ರವೆ ಬಿದ್ದಿರುತ್ತದೆ.

ಖಾಲಿ ಡಬ್ಬಗಳನ್ನು ಒಂದರೊಳಗೊಂದು ಇಡುವುದು ಜಾಣತನವೇ, ಒದ್ದೆಯಾಗಿದ್ದಾಗ ಇಡದಿದ್ದರೆ. ಒದ್ದೆ ಡಬ್ಬಗಳು ಒಂದಕ್ಕೊಂದು ಕಚ್ಚಿಕೊಂಡರೆ ನೆಲಕ್ಕೆ ಬಡಿದು ಬಾಯಿ ಸೊಟ್ಟ ಮಾಡಬೇಡಿ. ಒಳಗಿನದಕ್ಕೆ ತಣ್ಣೀರು, ಸಾಧ್ಯವಾದರೆ ಐಸ್ ತುಂಬಿ. ಹೊರಗಿನದನ್ನು ಬಿಸಿನೀರಿನ ಬೋಗುಣಿಯಲ್ಲಿ ಒಂದೆರಡು ನಿಮಿಷ ಕೂರಿಸಿ. ಹೊರಗಿನದು ಹಿಗ್ಗುತ್ತದೆ, ಒಳಗಿನದು ಕುಗ್ಗುತ್ತದೆ, ತಿರುಚಿದರೆ ‘ಟಪ್’ ಎಂದು ಬಿಡುತ್ತದೆ. ಸಿಲಿಂಡರನ್ನು ಕಟ್ಟೆಯ ಕೆಳಗಿನ ಬಾಗಿಲೊಳಗೆ ಮರೆಮಾಡುವವರು ಬಾಗಿಲಿನ ತಳದಲ್ಲಿ ಗಾಳಿಕಿಂಡಿ ಬಿಡಿಸಲೇಬೇಕು. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಮಲಗಿರುತ್ತದೆ. ಇದರಲ್ಲಿ ತಮಾಷೆ ಇಲ್ಲ.

ಹಳೇ ಮನೆಗಳಲ್ಲಿ ಜಾಗ ಹುಡುಕುತ್ತಿರಲಿಲ್ಲ, ಕಟ್ಟುವಾಗಲೇ ಬಿಡುತ್ತಿದ್ದರು. ಗೋಡೆಯ ದಪ್ಪದಲ್ಲೇ ಗೂಡು, ತೊಲೆಯಿಂದ ನೆಲುವು, ಕಾಳಿಗೆ ಕಣಜ, ನೆಲದಡಿಯಲ್ಲಿ ಹಗೇವು. ಈಗಿನ ನಾಲ್ಕಿಂಚಿನ ಗೋಡೆಯಲ್ಲಿ ಗೂಡು ತೋಡಿದರೆ ಪಕ್ಕದ ಕೋಣೆ ಕಾಣುತ್ತದೆ.

ಇಷ್ಟೆಲ್ಲ ಒಪ್ಪ ಮಾಡಿದ ಮೇಲೆ ಹಾಲಿನ ನಡುವೆ ಒಂದು ವಸ್ತು ಉಳಿದಿರುತ್ತದೆ: ಅಟ್ಟ ಹತ್ತಲೆಂದು ಸ್ಟೂಲ್ ಬದಲು ತಂದ ಐದು ಮೆಟ್ಟಿಲಿನ ಅಲ್ಯುಮಿನಿಯಂ ಏಣಿ. ಮಡಚಿದರೂ ಐದಡಿಗೆ ಮೇಲೆ ಉದ್ದ, ಐದಾರು ಇಂಚು ದಪ್ಪ. ಬಾಗಿಲ ಹಿಂದೆ ನಿಲ್ಲಿಸಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಫ್ರಿಜ್ಜಿನ ಪಕ್ಕದ ಸಂದಿ ಬಿಸಿ ಹೊರಹೋಗಲು ಬಿಟ್ಟದ್ದು. ಮಂಚದ ಕೆಳಗೆ ಬಾಕ್ಸ್ ಬಂತು. ಅದನ್ನು ಯುಟಿಲಿಟಿಯ ಗೋಡೆಗೆ, ತಲೆಗೆ ತಾಗದ ಎತ್ತರದಲ್ಲಿ, ಮೂರಡಿ ಅಂತರಕ್ಕೆ ಎರಡು ಕೊಕ್ಕೆ ಹೊಡೆದು ಅಡ್ಡಲಾಗಿ ತೂಗುಹಾಕುವುದೇ ಸರಿ. 8 ಎಂಎಂ ಬಿಟ್ಟು ಸಾಕು. ಡ್ರಿಲ್ ಎಲ್ಲಿದೆ ಎಂದು ಬೀರುವಿನ ಬಾಗಿಲ ಪಟ್ಟಿ ನೋಡಿ. ಮೂರನೇ ಡಬ್ಬ, ಅಟ್ಟದ ಹಿಂದಿನ ಸಾಲು.